ಹುಲಿಗೆಮ್ಮನ ಹಾಜರಿ

ಹೊಸಪೇಟೆ ಬಸ್ ನಿಲ್ದಾಣದಲ್ಲಿ ನೂರು ಬಸ್ಸುಗಳು ಒಟ್ಟಿಗೆ ಹಾರನ್ ಹೊಡೆದರೂ, ಹಂಪಿ ಬಜಾರಿನಲ್ಲಿ ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೆ ಬೀಳುತ್ತದೆ. ಇನ್ನು ನಮ್ಮೂರ ಬಸ್ಸಿಗೆ ಕಾಯುತ್ತ ಪಕ್ಕದಲ್ಲೇ ಕುಳಿತಿದ್ದ, ನಮ್ಮ ಪುರಸಭೆಯ ಪೌರಕಾರ್ಮಿಕರಾದ ಪಕೀರಮ್ಮ, ಹುಲಿಗೆಮ್ಮರ ಮಾತು ಕೇಳದೆ ಇದ್ದೀತೆ?

“ಖರ್ಚು ಉಳಸ್ತೀವಿ ಅಂತ ನಮ್ಮ ಒಂಬತ್ತು ಮಂದೀನ ಕೆಲಸದಿಂದ ತಗದಾಗ, ಮುಗೀತು ಅನ್ಕಂಡಿದ್ದೆ ಯಕ್ಕಾ,” ಎಂದಳು ಹುಲಿಗೆಮ್ಮ.

“ಉಳಿದ ಅರವತ್ತು ಮಂದಿ ನಾವೇನ್ ಸತ್ತಿದ್ವೇನು?” ಎಂದರು ಪಕೀರಮ್ಮ.

“ಮರುದಿನ ಮುಂಜಾನೆ ಹಾಜರಿಯಾಗ ಸಾಹೇಬ್ರು ನನ್ನ ಹೆಸರು ಬಿಟ್ಟು ನಿನ್ನ ಹೆಸರು ಕೂಗಿದ್ರು. ನೀನು ಓಗೊಡಲೇ ಇಲ್ಲ.”

“ಹುಲಿಗೆಮ್ಮನ್ನ ಕರೀರಿ, ಆಮ್ಯಾಲ ನಾನು ಹಾಜರ್ ಅಂತೀನಿ ಅಂದೆ. ಹಿಂದಿದ್ದೋರೂ ಹಂಗ ಅಂದ್ರು. ಸಂಘ ಅಂದ್ರ ಸುಮ್ನ ಅಲ್ಲ ನೋಡು.”

“ಹನ್ನೊಂದು ದಿನ ಹಾಜರಿ ಮುಗೀಲಿಲ್ಲ, ನಾವು ಆಫೀಸ್ ಮುಂದಿಂದ ಏಳಲಿಲ್ಲ!”

“ಇವತ್ತು ವಾಪಸ್ ತಗೊಳ್ಳೋ ಆರ್ಡರ್ ಕೈಗೆ ಬಂತಲ್ಲ? ನಾಳೆ ನಿನ್ನ ಹೆಸರು ಕೂಗಿದಾಗ ಊರಿಗೆಲ್ಲ ಕೇಳಂಗ ಹಾಜರ್ ಅನ್ನು.”

ನನಗೆ ಸುಮ್ಮನಿರಲಾಗಲಿಲ್ಲ. “ಆ ಧರಣಿಯಾಗ ನಾನೂ ಇದ್ದೆ, ಮೊದಲ ಸಾಲಿನ್ಯಾಗ!” ಎಂದೆ.

ಪಕೀರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮೊದಲ ಸಾಲಿನ್ಯಾಗ ಬರೇ ಹೆಂಗಸರು ಕುಂತಿದ್ವಲ್ರೀ ಅಣ್ಣಾ?”

ಹುಲಿಗೆಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಬಸ್ಸು ಬಂತು. ಇಬ್ಬರೂ ಎದ್ದು ಬಾಗಿಲ ಕಡೆ ನಡೆದರು.

“ಸುಳ್ಳು ಹೇಳಿದೆ ಯಕ್ಕಾ,” ಎಂದು ಹಿಂದಿನಿಂದ ಕೂಗಿದೆ. “ಕಸ ಎತ್ತಿಲ್ಲ ಅಂತ ಹನ್ನೊಂದು ದಿನಾನೂ ಆಫೀಸಿಗೆ ಫೋನ್ ಮಾಡಿ ನಿಮ್ಮನ್ನ ಬೈದೋನು ನಾನು.”