ಟೇಪಿನ ಮೊದಲ ಎರಡಿಂಚು

…ಅಲ್ಲ ಸಾರ್, ನೀವೇ ಹೇಳಿ! ಹೋದ ವರ್ಷ ಕೊನೇ ಸ್ಥಾನಕ್ಕೆ ಬಿದ್ದ ತಂಡಕ್ಕೆ, ಈ ವರ್ಷ ಹೊಸ ಆಟಗಾರರನ್ನ ಆರಿಸೋಕೆ ಮೊದಲ ಪಾಳಿ. ಅದಕ್ಕೆ ಡ್ರಾಫ್ಟ್ ಅಂತ ದೊಡ್ಡ ಹೆಸರು ಬೇರೆ. ಫೇಲಾದವನಿಗೆ ಬಹುಮಾನ! ಅದಕ್ಕೇ ನಮ್ಮೂರ ಬ್ಯಾಸ್ಕೆಟ್‌ಬಾಲ್ ತಂಡ ಇಪ್ಪತ್ತೆರಡು ವರ್ಷದಿಂದ ಅಷ್ಟು ಶ್ರದ್ಧೆಯಿಂದ ಸೋಲ್ತಾ ಇರೋದು. ಕೈ ಸ್ವಲ್ಪ ಎತ್ತಿ… ಅಯ್ಯಯ್ಯೋ, ಅಷ್ಟಲ್ಲ, ಮೇಲೆ ಫ್ಯಾನಿದೆ! ನಿಮ್ಮಂಥೋರು ಬಂದ್ರೆ ಅಂಗಡಿ ಸೂರನ್ನೇ ಮೇಲೆತ್ತಿಸಬೇಕು. ಎದೆ… ನಲವತ್ತೆಂಟು. ನಲವತ್ತಾರು ಅಂತ ಬರ್ಕೊಂಡೆ.

ಯಾಕೆ ಹಾಗೆ ನೋಡ್ತಿದೀರಿ? ಓ, ಇದಾ! ಗಾಬರಿ ಬೇಡ, ಕೋಟು ಬಿಗಿಯಾಗಲ್ಲ. ಈ ಟೇಪು ನಮ್ಮ ಸೋದರಮಾವನ ಕಾಲದ್ದು. ನನಗೆ ಹೊಲಿಗೆ ಕಲಿಸಿದ್ದೂ ಅವರೇ. ತುದಿ ಸವೆದು ನಾರುನಾರಾಗಿತ್ತು, ಮೊದಲ ಎರಡಿಂಚು ಕತ್ತರಿಸಿ ಬಿಸಾಕಿದ್ರು. ಹೊಸದು ತಗೊಳ್ಳಿ ಮಾವ ಅಂದ್ರೆ, "ಬಂದದ್ದರಲ್ಲಿ ಎರಡು ಕಳೆಯೋಕೆ ಬರಲ್ವೇನೋ ಮುಠ್ಠಾಳ?" ಅಂದ್ರು. ಅವತ್ತಿಂದ ಕಳೀತಾನೇ ಇದೀನಿ. ನಿದ್ದೆಗಣ್ಣಲ್ಲಿ ಎಬ್ಬಿಸಿ ಅಳತೆ ಕೊಟ್ರೂ ಎರಡು ಕಳೆದೇ ಬರೀತೀನಿ… ಇರಲಿ, ಅದು ಬಿಡಿ. ಆ ಕಡೆ ತಿರುಗಿ.

ಏನು ಹೇಳ್ತಿದ್ದೆ? ಹಾಂ, ಡ್ರಾಫ್ಟು. ನಾಳಿದ್ದು ಹುಡುಗೀರ ಲೀಗಿಂದು. ನನ್ನ ಕೇಳಿದ್ರೆ ಮೊದಲ ಹೆಸರು ಒಂದೇ, ಗಾಳಿಪಟ! ಹಾಗೇ ಕರೀತಾರೆ ಆ ಹುಡುಗೀನ. ಮೇಲೆ ಹಾರಿದ್ರೆ ಕೆಳಗೆ ಬರೋದನ್ನೇ ಮರೀತಾಳೆ ಸಾರ್. ಪೇಪರಿನೋರು ತೂಕ ಸಾಲದು ಅಂತ ಬರೀತಾರೆ. ತೂಕ ಬೇಕಿದ್ರೆ ಹೋಗಿ ಒಂದು ಕಬ್ಬಿಣದ ಬೀರು ಆರಿಸ್ಕೊಳ್ಳಿ ಅನ್ನಬೇಕು ಅವರಿಗೆ!

ಏನು… ಎದೆ ಮುಟ್ಟಿ ತೋರಿಸ್ತಿದೀರಿ? ನಿಮ್ಮ ಮಗಳಾ! ಅಯ್ಯೋ ನನ್ನಪ್ಪಾ, ನನಗೆ ಗೊತ್ತೇ ಇರಲಿಲ್ಲ ನೋಡಿ! ಹಾಗಾದ್ರೆ ಈ ಕೋಟು ಅವತ್ತಿಗೇ, ಮಗಳ ಪಕ್ಕ ಕೂರೋಕೆ. ಭೇಷ್. ನೀವೂ… ನೀವೂ ಆಡ್ತಿದ್ರೇನೋ ಹಿಂದೆ? ಸುಮ್ಮನೆ ಕೇಳಿದೆ. ಎತ್ತರ ನೋಡಿ ಕೇಳಿದೆ ಅಷ್ಟೇ. ಹೇಳಬೇಕು ಅಂತೇನಿಲ್ಲ.

ಆದ್ರೆ ಸಾರ್, ಎತ್ತರ ಅಂದಾಗ ನೆನಪಾಯ್ತು. ಇಪ್ಪತ್ತೆರಡು ವರ್ಷದ ಹಿಂದಿನ ಹುಡುಗರ ಡ್ರಾಫ್ಟು! ಅದರಂಥ ರಾದ್ಧಾಂತ ಮತ್ತೆ ಆಗಿಲ್ಲ. ಗಿಡುಗ ಅಂತ ಒಬ್ಬ ಹುಡುಗ ಇದ್ದ. ಎಂಥ ಆಟ! ಎದುರಾಳಿ ಚೆಂಡು ಎಸೆಯೋದಕ್ಕೆ ಯೋಚನೆ ಮಾಡ್ತಿರೋವಾಗ್ಲೇ ಇವನು ಹಾರಿ ತಡೆದಿರ್ತಿದ್ದ. ಮೊದಲ ಪಾಳಿ ನಮ್ಮೂರಿಗೇ ಸಿಕ್ಕಿತ್ತು. ಆದ್ರೆ ನಮ್ಮ ಕೋಚ್ ಮಹಾಶಯನ ಶಪಥ ಏನಪ್ಪಾ ಅಂದ್ರೆ, ಎಂಬತ್ತು ಇಂಚಿಗೆ ಒಂದು ಕೂದಲೆಳೆ ಕಮ್ಮಿ ಇದ್ರೂ ಬೇಡ! ಗಿಡುಗನ ಅಳತೆ ಚೀಟಿ ಬಂತು. ಎಪ್ಪತ್ತೆಂಟು.

ಅವನು ಹೇಳಿದನಂತೆ, "ಸಾರ್, ನಾನು ಎಂಬತ್ತಿದೀನಿ, ಇನ್ನೊಂದ್ಸಲ ಅಳೀರಿ" ಅಂತ. ಎಲ್ಲಾ ನಕ್ರಂತೆ. ಎತ್ತರ ಕೂಡಿಸಿ ಹೇಳೋ ಸುಳ್ಳ ಅಂದ್ರಂತೆ. ಸುಳ್ಳನನ್ನ ಯಾವ ತಂಡ ಮುಟ್ಟುತ್ತೆ? ಹತ್ತೂ ತಂಡ ಬಿಟ್ಟವು. ನಮ್ಮೋರು ಆರಿಸಿದ್ದು ಯಾರನ್ನ? ಕಂಬ! ಎಂಬತ್ತಮೂರು ಇಂಚು, ಹೆಸರಿಗೆ ತಕ್ಕ ಹಾಗೆ ನಾಲ್ಕು ವರ್ಷ ನಿಂತೇ ಇದ್ದ. ಚೆಂಡು ತಾನಾಗಿ ಬಂದು ತಲೆಗೆ ಬಡಿದ್ರೆ, ಯಾರದು ಅಂತ ತಿರುಗಿ ನೋಡ್ತಿದ್ದ. ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರು ಅಂತಾರಲ್ಲ, ಅದು ನಮ್ಮ ಕೋಚ್!

ನೀವು ನಗಲೇ ಇಲ್ಲ. ಕಂಬದ ಕತೆಗೆ ಎಲ್ಲಾ ನಗ್ತಾರೆ… ಸರಿ. ಭುಜ ಇಪ್ಪತ್ತೊಂದು. ಹಾಂ, ಕಳೆದೇ ಹೇಳ್ತಿದೀನಿ.

ಯಾರ ತಪ್ಪು ಅಂತೀರಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಪಕ್ಕದೂರಿನ ತಂಡ ಲಂಚ ಕೊಟ್ಟಿತ್ತು ಅಂತ ಒಬ್ಬ. ಕಂಬ ಕೋಚಿನ ಹೆಂಡತಿಗೆ ತಮ್ಮನಾಗಬೇಕು ಅಂತ ಇನ್ನೊಬ್ಬ. ನಾನೇ ಈ ಕುರ್ಚಿ ಮೇಲೆ ಕೂತೋರಿಗೆಲ್ಲಾ ಹತ್ತು ಥರ ಹೇಳಿದೀನಿ. ನಮ್ಮ ಮನೆಯವಳು ಅಂತಾಳೆ, ಊರೋರ ಅಂಗಿಗೆಲ್ಲಾ ಗುಂಡಿ ಹಾಕ್ತೀರಿ, ನಿಮ್ಮ ಬಾಯಿಗೊಂದು ಹಾಕ್ಕೊಳ್ಳಿ ಅಂತ… ಯಾಕೆ ಸಾರ್, ಪುಸ್ತಕ ಯಾಕೆ ತಿರುಗಿಸ್ಕೊಂಡ್ರಿ? ನನ್ನ ಅಕ್ಷರ ನಿಮಗೆ ಓದೋಕಾಗಲ್ಲ. ಎದೆ, ಭುಜ, ತೋಳು…

ಹೌದು. ತೋಳು ಇಪ್ಪತ್ತೊಂಬತ್ತು ಅಂತ ಬರೆದಿದೆ.

ಹೌದು, ತೋಳು ಇನ್ನೂ ಅಳೆದಿಲ್ಲ.

ಪುಸ್ತಕ ಕೆಳಗಿಡಿ ಸಾರ್. ಬೈದುಬಿಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ನೀವು ಅನ್ನೋ ಮೊದಲೇ ನಾನು ಮುಟ್ಕೊಂಡೆ. ನೀವು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದಾಗ್ಲೇ ಗೊತ್ತಾಯ್ತು ನನಗೆ, ಗಿಡುಗ ನೀವೇ ಅಂತ. ಎದೆ ಬೆಳೆದಿದೆ, ತಲೆ ನರೆತಿದೆ, ಅವತ್ತು ನಾನೇ ಅಳೆದ ತೋಳು ಬದಲಾಗುತ್ತಾ? ಅವತ್ತು ನಿಮ್ಮ ಬಸ್ಸು ಕೆಟ್ಟು ತಡವಾಗಿ ಬಂದ್ರಿ. ಉಳಿದವರನ್ನೆಲ್ಲಾ ಅಳೆದು ಡಾಕ್ಟರು ಊಟಕ್ಕೆ ಹೋಗಿದ್ರು. ನಾನು ಜೆರ್ಸಿ ಅಳತೆಗೆ ಅಂತ ಹೋದೋನು. ಲೀಗಿನೋರು, ನೀನು ದರ್ಜಿ ಅಲ್ವೇನಯ್ಯಾ, ಇವನ ಎತ್ತರನೂ ಹಿಡಿದು ಬರಿ ಅಂತ ಹೊಸಾ ಟೇಪು ಕೈಗೆ ಕೊಟ್ರು. ಉದ್ದನೆಯದು, ಮಿರಿಮಿರಿ ಮಿಂಚೋದು. ತುದಿ ನೆಟ್ಟಗಿತ್ತು ಸಾರ್… ನೆಟ್ಟಗಿತ್ತು. ಎಂಬತ್ತು ಅಂತ ಕಣ್ಣಾರೆ ನೋಡಿದೆ. ಕೈ ಎಪ್ಪತ್ತೆಂಟು ಬರೀತು.

ನನಗೇ ಗೊತ್ತಾಗಿದ್ದು ಆರು ತಿಂಗಳಾದ ಮೇಲೆ. ಅಂಗಡಿಗೊಂದು ಹೊಸ ಟೇಪು ತಂದೆ, ಮೊದಲನೇ ಪ್ಯಾಂಟು ಎರಡಿಂಚು ಗಿಡ್ಡ ಬಂತು. ಪೋಸ್ಟ್‌ಮಾಸ್ಟರು ಅದನ್ನ ಹಾಕ್ಕೊಂಡು ಇಲ್ಲೇ ನಿಂತು ಬೈತಿದ್ರು, ನನಗೆ ಕಾಣ್ತಿದ್ದದ್ದು ನಿಮ್ಮ ಮುಖ. ಆಗ ಏನು ಮಾಡಿದೆ ಗೊತ್ತಾ? ಹೋಗಿ ಒಪ್ಕೊಳ್ಳಲಿಲ್ಲ. ಆ ಹೊಸ ಟೇಪಿಂದೂ ಎರಡಿಂಚು ಕತ್ತರಿಸಿದೆ! ಜೆರ್ಸಿ ಹೊಲಿಯೋ ಕೆಲಸ ಹೋಗುತ್ತೆ ಅಂತ ಹೆದರಿದೆ. ನೀವು ಸುಳ್ಳ ಅನ್ನಿಸ್ಕೊಂಡ್ರಿ, ನಾನು ಒಳ್ಳೇ ದರ್ಜಿ ಅನ್ನಿಸ್ಕೊಂಡೆ. ತಪ್ಪಾಯ್ತು ಸಾರ್. ತಪ್ಪಾಯ್ತು.

ಎಲ್ಲಿಗೆ? ಹೋಗ್ಬಿಟ್ರಾ… ಅಲ್ಲ. ಯಾಕೆ ಗೋಡೆಗೆ ಬೆನ್ನು ಕೊಟ್ಟು ನಿಂತ್ರಿ? ಚಪ್ಪಲಿ ಯಾಕೆ ಬಿಡ್ತಿದೀರಿ? ಕೋಟಿಗೆ ಎತ್ತರ ಬೇಡ ಸಾರ್, ಬರೀ ಬೆನ್ನಿನ ಉದ್ದ ಸಾಕು…

ಓ.

ಇರಿ. ಇರಿ, ಸ್ಟೂಲು ತರ್ತೀನಿ. ಈ ಟೇಪಲ್ಲ, ಇದನ್ನ ಬಿಸಾಕ್ತೀನಿ. ಪಕ್ಕದ ಬಡಗಿ ಹತ್ರ ಕಬ್ಬಿಣದ್ದಿದೆ, ತುದಿ ನೆಟ್ಟಗಿರೋದು… ತಂದೆ ನೋಡಿ. ಹಿಮ್ಮಡಿ ಗೋಡೆಗೆ ತಾಗಿಸಿ. ನೆಟ್ಟಗೆ. ಒಂದ್ನಿಮಿಷ, ಸ್ಟೂಲು ಹತ್ತುತೀನಿ… ಎಪ್ಪತ್ತೊಂಬತ್ತೂವರೆ.

ಅಯ್ಯೋ, ಹಾಗೆ ನೋಡಬೇಡಿ! ಆ ಅರ್ಧ ಇಂಚು ವಯಸ್ಸು ತಿಂದದ್ದು, ನಾನಲ್ಲ! ದೇವರಾಣೆ ನಾನಲ್ಲ!

…ನಗ್ತಿದೀರಾ? ಸಾರ್? ಕಣ್ಣಲ್ಲಿ ನೀರು ಯಾಕೆ ಮತ್ತೆ? ಸರಿ, ನಾನೂ ನೋಡಲ್ಲ, ನೀವೂ ನನ್ನ ನೋಡಬೇಡಿ. ತಗೊಳ್ಳಿ ಪೆನ್ಸಿಲ್ಲು. ನನ್ನ ಕೈ ನಂಬಬೇಡಿ, ನೀವೇ ಬರೀರಿ. ನಾನು ಕೆಳಗೆ ಸಹಿ ಹಾಕಿ ಕೊಡ್ತೀನಿ, ನಾಳಿದ್ದು ಮಗಳಿಗೆ ತೋರಿಸಿ.