ಏಳನೇ ಬಾರಿ ಬೇಡ

ನಮ್ಮ ಪಕ್ಷದ ಮಾನ್ಯ ಅಧ್ಯಕ್ಷರಾದ ತಾರಾನಾಥರೇ, ವೇದಿಕೆಯ ಮೇಲಿರುವ ಗಣ್ಯರೇ, ಕಾಪು, ಕಾರ್ಕಳದಿಂದ ಬಂದು ಸೇರಿದ ಪ್ರೀತಿಯ ಸಭಿಕರೇ,

ನನ್ನ ಗಂಡ ಕೃಷ್ಣರಾಜರಿಗೆ ಸನ್ಮಾನ, ನೀವೂ ಎರಡು ಮಾತಾಡಬೇಕು ಎಂದು ಕೇಳಿಕೊಂಡದ್ದಕ್ಕೆ ನಿಂತಿದ್ದೇನೆ. ಇವರು ಲೋಕಸಭೆಗೆ ಆರು ಸಲ ಸ್ಪರ್ಧಿಸಿದರು, ಆರೂ ಸಲ ಸೋತರು. ಪೋಸ್ಟರಿನ ಫೋಟೋ ಮಾತ್ರ ಮೊದಲ ಚುನಾವಣೆಯದ್ದೇ. ಅದರಲ್ಲಿ ಇನ್ನೂ ತಲೆತುಂಬ ಕೂದಲು ಉಂಟು. ನಗಬಹುದು, ಇವರೇ ನಗುತ್ತಿದ್ದಾರೆ.

ಸೋತವರನ್ನು ಇಷ್ಟು ವರ್ಷ ಯಾರು ನೆನಪಿಡುತ್ತಾರೆ? ನೀವು ಇಟ್ಟಿದ್ದೀರಿ. ಆದರೆ ಈಗಷ್ಟೇ ಅಧ್ಯಕ್ಷರು, ಏಳನೇ ಬಾರಿಗೂ ಇವರೇ ನಮ್ಮ ಅಭ್ಯರ್ಥಿ ಎಂದು ಘೋಷಿಸಿದರು. ನೀವು ಚಪ್ಪಾಳೆ ತಟ್ಟಿದಿರಿ. ನಾನು ಬರೆದು ತಂದದ್ದು ಬೇರೆ ಭಾಷಣ. ಅದನ್ನು ಇನ್ನು ಓದಲಾರೆ.

ಕಳೆದ ಚುನಾವಣೆಯಲ್ಲಿ ಹೆಜಮಾಡಿಗೆ ಹೋದಾಗ ಇವರು ಮೈಕ್ ಹಿಡಿದು ಸುಮ್ಮನೆ ನಿಂತುಬಿಟ್ಟರು. ಮೀನುಗಾರ ಬಂಧುಗಳು ಬಿಸಿಲಲ್ಲಿ ಕಾಯುತ್ತಿದ್ದರು. ಇವರು ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ವನಜ, ಇವರೆಲ್ಲ ಯಾಕೆ ಬಂದಿದ್ದಾರೆ?"

ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿ ನಾನು ಮೈಕ್ ತೆಗೆದುಕೊಂಡೆ. ಸಂತೆಕಟ್ಟೆಯಲ್ಲೂ ನಾನೇ ಮಾತಾಡಿದೆ, ಕಾರ್ಕಳದಲ್ಲೂ ನಾನೇ ಮಾತಾಡಿದೆ. ಎಂಥ ಜೋಡಿ ಎಂದು ನೀವು ಹೊಗಳಿದಿರಿ. ಇದು ಮರೆವಿನ ರೋಗ, ಹೆಚ್ಚುತ್ತಾ ಹೋಗುತ್ತದೆ ಎಂದು ಮಣಿಪಾಲದ ಡಾಕ್ಟರು ಹೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ಇವರಿಗೂ ಹೇಳಲಿಲ್ಲ.

ಎಣಿಕೆಯ ದಿನ ಮಧ್ಯಾಹ್ನ, ಇವರು ಮುಂದಿದ್ದಾರೆ ಎಂದು ಫೋನ್ ಬಂತು. ಆಗ ನಾನು ಎಂತ ಮಾಡಿದೆ ಗೊತ್ತುಂಟಾ? ಎಲ್ಲೂರಿನ ದೇವಸ್ಥಾನಕ್ಕೆ ಹೋಗಿ, ಇವರು ಸೋಲಲಿ ದೇವರೇ ಎಂದು ಕೈಮುಗಿದೆ. ದಿಲ್ಲಿಯಲ್ಲಿ ದಾರಿ ತಪ್ಪಿದರೆ? ಯಾರೋ ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದರೆ? ಅಷ್ಟು ದೊಡ್ಡ ಸಭೆಯಲ್ಲಿ ಎದ್ದು ನಿಂತು, ಪಕ್ಕದಲ್ಲಿ ನನ್ನನ್ನು ಹುಡುಕಿದರೆ? ಸಂಜೆ ಸೋತರು. ಮಗುವಿನ ಹಾಗೆ ಅತ್ತರು. ಸಮಾಧಾನ ಮಾಡಿದವಳೂ ನಾನೇ.

ಇವರ ಎದುರಿನಲ್ಲೇ ಇದನ್ನೆಲ್ಲ ಹೇಳಬಾರದಿತ್ತು. ಈಗ ಮುಂದಿನ ಸಾಲಿನಿಂದ ನನ್ನನ್ನೇ ನೋಡುತ್ತಿದ್ದಾರೆ. ಕೋಪವೋ, ನಾನು ಯಾರೆಂದೇ ತಿಳಿಯಲಿಲ್ಲವೋ, ಇಲ್ಲಿಂದ ನನಗೆ ಗೊತ್ತಾಗುತ್ತಿಲ್ಲ. ಕೆಳಗಿಳಿದು ಹತ್ತಿರ ಹೋಗಲು ಹೆದರಿಕೆಯಾಗುತ್ತಿದೆ.

ಶಾಲು ಹೊದೆಸಿ, ಹಾರ ಹಾಕಿ, ಬೇಡ ಎನ್ನುವುದಿಲ್ಲ. ಅಭ್ಯರ್ಥಿಗಳ ಪಟ್ಟಿಯಲ್ಲಿ ಇವರ ಹೆಸರನ್ನು ಮಾತ್ರ ಇನ್ನೊಮ್ಮೆ ಬರೆಯಬೇಡಿ. ಮನೆಗೆ ಕರೆದುಕೊಂಡು ಹೋಗಲು ಬಿಡಿ.

ಇಷ್ಟು ಹೊತ್ತು ಸುಮ್ಮನೆ ಕೇಳಿಸಿಕೊಂಡ ನಿಮಗೆಲ್ಲ ಕೃತಜ್ಞಳು. ನಮಸ್ಕಾರ.