ಬಾವಿಯೊಳಗಿನ ಪೆಡಲು

ಇದು ನಮ್ಮ ಪಕ್ಕದ ಮನೆ ಉಮಾಶಂಕರನಿಗೆ ಆಗಿದ್ದು. ಲೈಟ್ ಆರಿಸಿ, ಹತ್ತಿರ ಬನ್ನಿ. ಕತೆ ಮುಗಿಯೋವರೆಗೂ ಯಾರೂ ಕಾಲು ಆಡಿಸಬಾರದು... ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಅವತ್ತು ರಾತ್ರಿ ರಾಜಘಟ್ಟದ ಈಚೆ ಅವನ ಬೈಕಿನ ಚೈನು ಕಟ್ಟಾಯಿತು. ತಳ್ಳಿಕೊಂಡು ಬರುವ ತಾಳ್ಮೆ ಅವನ ವಂಶದಲ್ಲೇ ಇಲ್ಲ. ಬೈಕನ್ನು ಪೊದೆ ಹಿಂದೆ ನಿಲ್ಲಿಸಿ ನಡೆದೇ ಹೊರಟ. ದಾರಿಯಲ್ಲಿ ಒಂದು ಆಲದ ಮರ. ಅದರ ಮಗ್ಗುಲಿಗೆ, ರಸ್ತೆ ತಿರುಗುವ ಕಡೆ, ಕಟ್ಟೆಯಿಲ್ಲದ ಹಾಳುಬಾವಿ. ಸುತ್ತ ಜಾಲಿ ಮುಳ್ಳು. ಆದಿನಾರಾಯಣಪ್ಪ ಅನ್ನೋ ಮುದುಕ ಕಾರಿನ ಸಮೇತ ಅದರೊಳಕ್ಕೆ ಹೋದ ಮೇಲೆ ಹಾಕಿದ ಮುಳ್ಳು ಅದು.

ಆ ಕಾರು ಮಾರಿದ್ದು ಉಮಾಶಂಕರನೇ.

ಅವನದು ದೇವನಹಳ್ಳಿಯಲ್ಲಿ ಹಳೇ ಕಾರಿನ ವ್ಯಾಪಾರ. ಏರ್‌ಪೋರ್ಟಿಗೆ ಓಡಿ ಓಡಿ ಸವೆದ ಗಾಡಿಗಳನ್ನು ತಂದು, ಮೈ ತೊಳೆದು, ಮೀಟರ್ ತಿರುಗಿಸಿ, ಡಾಕ್ಟರ್ ಓಡಿಸಿದ ಗಾಡಿ ಅಂತ ಮಾರೋನು. ಆ ಕಾರು ನಾಲ್ಕು ಲಕ್ಷ ಕಿಲೋಮೀಟರ್ ದಾಟಿತ್ತು. ಸ್ಟಾರ್ಟ್ ಮಾಡಿದರೆ ಹೊಲಿಗೆ ಮಿಷನ್ ಥರ ಟಕಟಕಟಕ. ಅದಕ್ಕೆ ಅವನ ಹತ್ತಿರ ಮದ್ದಿತ್ತು, ಲಾರಿಗೆ ಹಾಕುವಂಥ ಗಟ್ಟಿ ಆಯಿಲ್. ಸುರಿದಿದ್ದೇ ತಡ, ಇಂಜಿನ್ ಗಪ್‌ಚಿಪ್.

ಬ್ರೇಕಿಗೆ ಮಾತ್ರ ಮದ್ದಿರಲಿಲ್ಲ. ಮೆಕ್ಯಾನಿಕ್ ಅಫ್ಸರ್ ಹೇಳಿದ್ದ.

"ಅಣ್ಣಾ, ಮೊದಲ್ನೇ ಸಲ ಒತ್ತಿದ್ರೆ ಪೆಡಲು ಖಾಲಿ ಹೋಗುತ್ತೆ. ಎರಡ್ನೇ ಸಲಕ್ಕೆ ಹಿಡಿಯುತ್ತೆ. ಮಾಸ್ಟರ್ ಸಿಲಿಂಡರ್ ಹೋಗಿದೆ, ಬದಲಾಯ್ಸು. ಗಟ್ಟಿ ಆಯಿಲ್ ಹಾಕಿ ಇಂಜಿನ್ ಬಾಯಿ ಮುಚ್ಚಿಸ್ಬೋದು, ಬ್ರೇಕಿಗೆ ಆ ಆಟ ನಡಿಯಲ್ಲ."

"ಎರಡನೇ ಸಲಕ್ಕೆ ಹಿಡಿಯುತ್ತಲ್ಲ ಗುರು... ಸಾಕು ಬಿಡು."

ತೂಬಗೆರೆ ಕಡೆಯ ಆದಿನಾರಾಯಣಪ್ಪ ಕಾರು ನೋಡಲು ಬಂದ. ಬಾನೆಟ್ಟಿಗೆ ಕಿವಿ ಕೊಟ್ಟು ಇಂಜಿನ್ ಸದ್ದು ಕೇಳಿ ತಲೆದೂಗಿದ. ಆಮೇಲೆ ಕೇಳಿದ್ದು ಒಂದೇ ಮಾತು.

"ಬ್ರೇಕ್ ಹೆಂಗಪ್ಪಾ?"

"ಬೆಣ್ಣೆ, ಅಣ್ಣ."

ಟ್ರಯಲ್‌ಗೆ ಉಮಾಶಂಕರ ತಾನೇ ಸ್ಟೇರಿಂಗ್ ಹಿಡಿದ. ನಿಲ್ಲಿಸಬೇಕಾದ ಕಡೆಯೆಲ್ಲ ಮುಂಚೆಯೇ ಒಂದು ಸಲ ಕಳ್ಳತನದಲ್ಲಿ ಒತ್ತಿಕೊಂಡು, ಆಮೇಲೆ ನಿಜವಾಗಿ ಒತ್ತಿದ. ಕಾರು ಗಕ್ಕನೆ ನಿಂತಿತು. ಮುದುಕ ಮಗು ಥರ ನಕ್ಕ.

ಆ ವಾರವೇ ಈ ತಿರುವಿನಲ್ಲಿ ಮುದುಕ ಒಂದು ಸಲ ಒತ್ತಿದ. ಎರಡನೇ ಸಲಕ್ಕೆ ರಸ್ತೆ ಇರಲಿಲ್ಲ.

ಕ್ರೇನು ತಂದು ಮುದುಕನ ಹೆಣ ತೆಗೆದರು, ಕಾರು ಎತ್ತಿ ಗುಜರಿಗೆ ಹಾಕಿದರು. ಬಾವಿ ಖಾಲಿ. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಉಮಾಶಂಕರ ಬಾವಿ ಹತ್ತಿರ ಬಂದ. ಗಾಳಿ ಇಲ್ಲ. ಆಲದ ಎಲೆ ಒಂದೂ ಅಲ್ಲಾಡುತ್ತಿಲ್ಲ.

ಟಪ್...

ನಿಂತ. ಮೊಬೈಲ್ ಟಾರ್ಚ್ ಹಾಕಿದ. ಮುಳ್ಳು... ಕಲ್ಲು... ಮುಳ್ಳು...

ಟಪ್... ಗಿಸ್ಸ್...

ಸದ್ದು ಬಾವಿಯೊಳಗಿಂದ. ಖಾಲಿ ಪೆಡಲು ತಳಕ್ಕೆ ಬಡಿಯುವ ಸದ್ದು. ಅದನ್ನು ಅವನಷ್ಟು ಚೆನ್ನಾಗಿ ಬಲ್ಲವರು ಇನ್ಯಾರಿದ್ದಾರೆ? ಹಿಂದೆಯೇ ಗಟ್ಟಿ ಆಯಿಲಿನ ವಾಸನೆ. ಬಿಸಿಯಾಗಿ, ಈಗ ತಾನೇ ಇಂಜಿನ್ ಆಫ್ ಮಾಡಿದ ಹಾಗೆ.

"ಉಮಾಶಂಕ್ರಾ..."

ಈ ಪಿಸುಮಾತು ಬಾವಿಯಿಂದ ಬರಲಿಲ್ಲ. ಬಲಗಿವಿ ಪಕ್ಕದಿಂದ ಬಂತು.

"ಬ್ರೇಕ್ ಹೆಂಗಪ್ಪಾ?"

ನೀವಾಗಿದ್ದರೆ ನಾಲಿಗೆ ಬಿದ್ದುಹೋಗುತ್ತಿತ್ತು. ಅವನು ವ್ಯಾಪಾರಿ, ಅಭ್ಯಾಸಬಲ.

"ಬೆ... ಬೆಣ್ಣೆ, ಅಣ್ಣ."

"ಹಂಗಾದ್ರೆ ಓಡು."

ಓಡಿದ. ಲುಂಗಿ ಹೋಯಿತು, ಮೊಬೈಲ್ ಹೋಯಿತು, ತಿರುಗಿ ನೋಡಲಿಲ್ಲ. ಊರಿನ ದೀಪ ಕಂಡಾಗ, ಸದ್ಯ ಬದುಕಿದೆ, ಇನ್ನು ನಿಲ್ಲೋಣ ಅಂತ ಬಲಗಾಲು ಊರಿದ.

ಟಪ್...

ಕಾಲು ಖಾಲಿ ಹೋಯಿತು. ಅವನು ನಿಲ್ಲಲಿಲ್ಲ. ಇನ್ನೊಂದು ಸಲ ಊರಿದ. ಟಪ್. ಕಾಲುಗಳು ತಮ್ಮ ಪಾಡಿಗೆ ತಾವು ಓಡುತ್ತಲೇ ಇದ್ದವು.

ಹೆಂಡತಿ ಜ್ಯೋತಿಲಕ್ಷ್ಮಿ ಬಾಗಿಲು ತೆಗೆದು ನಿಂತಿದ್ದಳು.

"ಹಿಡ್ಕೊಳೇ..." ಅಂತ ಏದುಸಿರಲ್ಲಿ ಪಿಸುಗುಟ್ಟುತ್ತಾ ಸ್ವಂತ ಮನೆ ಮುಂದೆಯೇ ಹಾದುಹೋದ.

"ಲುಂಗಿನೂ ಇಲ್ವಾ ಇವತ್ತು? ಹೊರಗೇ ಬಿದ್ದಿರು."

ಚಿಲಕ ಬಿತ್ತು. ಕಟಕ್.

ಊರು ಸುತ್ತಿ ಮತ್ತೆ ಅದೇ ಬಾಗಿಲಿಗೆ ಬಂದ. "ಲಕ್ಷ್ಮೀ..." ಅಂದ, ಹೋದ. ಮತ್ತೆ ಬಂದ, ಅಂದ, ಹೋದ. ಮೊದಲು ಚಪ್ಪಲಿ ಹರಿದವು, ಆಮೇಲೆ ಉಗುರು ಕಿತ್ತುಬಂದವು. ಅಟ್ಟಿಸಿಕೊಂಡು ಬಂದ ನಾಯಿಗಳು ಅವನ ಕಾಲು ಮೂಸಿ, ಬಾಲ ಮುದುರಿ ದಾರಿ ಬಿಟ್ಟವು. ಕೊನೆಗೆ ಅವನನ್ನು ನಿಲ್ಲಿಸಿದ್ದು ಹಾಲಿನ ಡೈರಿ ಗೋಡೆ. ಗೋಡೆಗೆ ಬ್ರೇಕು ಚೆನ್ನಾಗಿತ್ತು. ಮುಂದಿನ ಹಲ್ಲು, ಎರಡೂ ಮೊಣಕಾಲು ಒಂದೇ ಏಟಿಗೆ ಹೋದವು.

ಬೆಳಿಗ್ಗೆ ಹಾಲು ಹಾಕಲು ಬಂದ ಅಶ್ವತ್ಥಮ್ಮ ನೋಡಿದಾಗ ಅಂಗಾತ ಬಿದ್ದಿದ್ದ. ಮುರಿದ ಬಲಗಾಲು ಮಾತ್ರ ಗಾಳಿಯಲ್ಲಿ ಒತ್ತುತ್ತಲೇ ಇತ್ತು.

ಈಗ ಅವನಿಗೆ ಮಂಚವೇ ಗತಿ. ಕಾಲು ಒತ್ತೋದು ನಿಂತಿಲ್ಲ, ಅದಕ್ಕೇ ನಿಮಗೆ ಕಾಲು ಆಡಿಸಬೇಡಿ ಅಂದಿದ್ದು. ಡಾಕ್ಟರು ನರದ ತೊಂದರೆ ಅಂದರಂತೆ. ಇರಬಹುದು. ಆದರೆ ಜ್ಯೋತಿಲಕ್ಷ್ಮಿ ಅಕ್ಕ ದಿನಾ ಅವನ ಹಾಸಿಗೆ ಬಟ್ಟೆ ಒಗೆದು ನಮ್ಮ ಕಾಂಪೌಂಡ್ ಮೇಲೆ ಒಣಹಾಕ್ತಾಳೆ. ಸುಳ್ಳು ಅನ್ನೋರು ನಾಳೆ ಬೆಳಿಗ್ಗೆ ಬಂದು ಕಣ್ಣಾರೆ ನೋಡಿ, ಬೇಕಾದರೆ ಮೂಸಿ ನೋಡಿ. ಎಷ್ಟು ಒಗೆದರೂ ಬಲಗಾಲು ಬರುವ ಜಾಗದಲ್ಲಿ ಅಂಗೈಯಷ್ಟಗಲ ಆಯಿಲ್ ಕಲೆ ಇದೆ. ಹೊಸ ಆಯಿಲ್... ಜೇನಿನ ಬಣ್ಣದ್ದು.